ಬ್ರಹ್ಮಪುರದ ಮನೆಯ ಫ್ರಿಜ್ಜು

ಫೆಬ್ರುವರಿ 12, ಬೆಳಿಗ್ಗೆ

ರೊಟ್ಟಿ ಬಡಿಯುತ್ತಿದ್ದೆ. ಕೈ ತುಂಬ ಹಿಟ್ಟು. ಅತ್ತೆಯ ಫೋನು. ತಮ್ಮನ ಹೆಂಡತಿ ವಿಜಯಶ್ರೀ ಮೊಬೈಲ್ ನನ್ನ ಕಿವಿಗೆ ಹಿಡಿದಳು.

"ಪ್ರೀತಿ, ಫ್ರಿಜ್ಜಿನ ಬಾಗಿಲ ಮುಚ್ಚವಲ್ದು ಯವ್ವಾ. ಹಾಲೆಲ್ಲ ಒಡದು ಹೋಯ್ತು."

"ಮೊದಲ ಬಾಗಿಲ ಜರಾ ಮ್ಯಾಲ ಎತ್ರಿ ಅತ್ತಿ. ಎತ್ತಿ, ಕೆಳಗ ಮೊಣಕಾಲಿಲೆ ದಬ್ರಿ. ಟಪ್ ಅಂತದ."

"ನನ್ನ ಮೊಣಕಾಲು ಎಲ್ಲಿ ಏಳ್ತಾವ."

ಆದರೂ ಟಪ್ ಎಂದದ್ದು ಕೇಳಿಸಿತು. ಅಷ್ಟಕ್ಕೇ ಖುಷಿ.

2009ರಲ್ಲಿ, ನನ್ನ ಮದುವೆಗೆ ಅಪ್ಪ ಕೊಟ್ಟ ಫ್ರಿಜ್ಜು. ಅದರ ಜೊತೆ ಮಿಕ್ಸಿ, ವಾಷಿಂಗ್ ಮಷಿನ್. ಅಪ್ಪ ಹೋದರು, ಅವು ಇನ್ನೂ ನಡೆಯುತ್ತಿವೆ. ಒಂದೊಂದಕ್ಕೆ ಒಂದೊಂದು ಚಾಳಿ. ನನಗೆ ಮಾತ್ರ ಗೊತ್ತು.

ಸಂಕ್ರಾಂತಿ ಮುಗಿದ ಮೇಲೆ ಕಮಲಾಪುರಕ್ಕೆ ಬಂದದ್ದು. "ಸ್ವಲ್ಪ ದಿನ ತಮ್ಮನ ಮನ್ಯಾಗ ಇದ್ದು ಬಾ, ಇಬ್ಬರಿಗೂ ಛಲೋ" ಎಂದರು ನಮ್ಮ ಮನೆಯವರು. ಜಗಳವಿಲ್ಲ. ಜಗಳವಾಗಿದ್ದರೆ ಮುಗಿಸಬಹುದಿತ್ತು... ಮಕ್ಕಳಾಗದ್ದಕ್ಕೂ ಒಂದು ಮಾತು ಆಡಿದವರಲ್ಲ.

ಫೆಬ್ರುವರಿ 21

ಇವತ್ತು ಮಿಕ್ಸಿ. ಶೇಂಗಾ ಹಿಂಡಿ ಪುಡಿ ಮಾಡಲು ಹೋಗಿ ನಿಂತೇಬಿಟ್ಟಿದೆ.

"ಸುಟ್ಟಿಲ್ಲ ಅತ್ತಿ. ಅಂಗಾತ ಮಲಗಸ್ರಿ. ಕೆಳಗ ಕೆಂಪು ಗುಂಡಿ ಅದ. ಒತ್ರಿ. ಶೇಂಗಾ ಅರ್ಧ ತಗೀರಿ, ಒಮ್ಮಿಗೇ ಹಾಕಬ್ಯಾಡ್ರಿ."

ಗರ್ ಎಂದಿತು. ಹಿಂದೆ ಟಿವಿ ಸಪ್ಪಳ. ಅವರ ಕೆಮ್ಮು.

"ಅವರು ಮನ್ಯಾಗ ಅದಾರೇನ್ರೀ?"

"ಜಳಕಕ್ಕ ಹೋಗ್ಯಾನ."

ಕೆಮ್ಮು ಇನ್ನೊಮ್ಮೆ ಕೇಳಿಸಿತು, ಹತ್ತಿರದಲ್ಲೇ.

ಮಾರ್ಚ್ 9, ಮಧ್ಯಾಹ್ನ

ಶಿವರಾತ್ರಿ ಮರುದಿನ. ಫೋನಿನಲ್ಲಿ ಅವರ ಹೆಸರು. ಅವಸರಕ್ಕೆ ಎರಡು ಸಲ ತಪ್ಪು ಕಡೆ ಒತ್ತಿದೆ.

"ಮಷಿನ್‌ನಾಗಿನ ನೀರು ಹೋಗವಲ್ದು" ಎಂದರು. ಹೇಗಿದ್ದೀ ಎನ್ನಲಿಲ್ಲ. ಇರಲಿ.

"ಪೈಪ್ ಕೆಳಗ ಇಳಸ್ರಿ. ನಡುವ ಮಡಚಿರ್ತದ. ಹಿಡದು ಝಾಡಿಸ್ರಿ."

ಆಮೇಲೆ ನೀರು ಬಚ್ಚಲಿಗೆ ಬೀಳುವ ಸದ್ದು. "ಹ್ಞಾಂ, ಹೋಯ್ತು." ಇಟ್ಟರು.

ಇಡೀ ದಿನ ಮೈ ಹಗುರ. ಅವರೇ ಬಗ್ಗಿ, ಪೈಪ್ ಹಿಡಿದು, ಪ್ಯಾಂಟ್ ತೋಯಿಸಿಕೊಂಡು... ಕಣ್ಣಿಗೆ ಕಟ್ಟಿದ ಹಾಗಿದೆ. ವಿಜಯಶ್ರೀ ಕೇಳಿದಳು, "ಅಕ್ಕಾ, ಒಬ್ಬರ ಯಾಕ ನಗ್ಲಾಕತ್ತೀರಿ?"

ಯುಗಾದಿಗೆ ಕರೆಯುತ್ತಾರೆ. ಅನಿಸುತ್ತಿದೆ.

ಏಪ್ರಿಲ್ 17

ಯುಗಾದಿ ಹೋಯಿತು. ಒಂದು ಫೋನಿಲ್ಲ. ನಾನೇ ಮಾಡಿದೆ.

"ಫ್ರಿಜ್ ಹೆಂಗದ ಅತ್ತಿ?"

"ಛಲೋ ಅದ."

"ಮಿಕ್ಸಿ?"

"ಅದೂ ಛಲೋ ಅದ."

"ಮಷಿನ್ ನಡಸ್ಲಿಕ್ಕೆ ಬರ್ತದೇನ್ರೀ ನಿಮಗ?"

"ಬಿಸಿಲು ಭಾಳ ಅದ. ಹುಷಾರಾಗಿರು ಯವ್ವಾ." ಇಟ್ಟುಬಿಟ್ಟರು.

ಏನೂ ಕೆಟ್ಟಿಲ್ಲವೆಂದರೆ ಸಂತೋಷ ಆಗಬೇಕಲ್ಲ.

ಏಪ್ರಿಲ್ 22, ಸಂಜೆ

ಹೋಗಿ ಬಂದೆ. ಕಲಬುರಗಿಯ ಶರಣಬಸವೇಶ್ವರ ಗುಡಿಗೆ ಹೋಗುತ್ತೇನೆಂದು ತಮ್ಮನಿಗೆ ಹೇಳಿ ಬಸ್ ಹತ್ತಿದೆ. ಗುಡಿಗೆ ಹೋಗಲಿಲ್ಲ. ಮನೆಗೆಂದು ಕೆಂಪು ಬಾಳೆಹಣ್ಣು ಒಯ್ದಿದ್ದೆ, ತಮ್ಮನ ವ್ಯಾಪಾರದ್ದೇ.

ಬ್ರಹ್ಮಪುರದ ನಮ್ಮ ಮನೆ. ಬಾಗಿಲು ತೆರೆದೇ ಇತ್ತು. ಚಪ್ಪಲಿ ಬಿಟ್ಟು ಒಳಗೆ ಹೋದೆ, ದಿನಾ ಹೋದ ಹಾಗೆ. ಅಡುಗೆಮನೆಯಿಂದ ಒಬ್ಬಳು ಕೈ ಒರೆಸುತ್ತ ಬಂದಳು. ನನ್ನನ್ನು ನೋಡಿ ನಿಂತಳು. ನಾನು ಯಾರೆಂದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಾಯಿತು. ಮಹಾನಂದಾ. ಅವರ ಆಫೀಸಿನವಳು. ಹೆಸರು ಎಷ್ಟೋ ಸಲ ಕೇಳಿದ್ದೆ, ಹೋದ ದೀಪಾವಳಿಯಿಂದ.

"ಬರ್ರಿ ಅಕ್ಕಾರ. ಕುಂದರ್ರಿ. ಬಿಸಿಲಾಗ ಬಂದೀರಿ."

ಅತ್ತೆ ಮಂಚದ ಮೇಲಿದ್ದರು. ಎದ್ದು ಕೂರಲಿಲ್ಲ. ಗೋಡೆಯ ಕಡೆ ಹೊರಳಿದರು.

ಅವಳು ನೀರಿಗೆಂದು ಫ್ರಿಜ್ ತೆಗೆದಳು. ಬಾಟಲಿ ತೆಗೆದುಕೊಂಡಳು. ನನ್ನ ಕಡೆ ನೋಡುತ್ತಲೇ ಬಾಗಿಲು ಸ್ವಲ್ಪ ಮೇಲೆತ್ತಿ, ಮೊಣಕಾಲಿನಿಂದ ದಬ್ಬಿದಳು. ಟಪ್.

"ಅದು ನಿಮಗ ಯಾರು ಹೇಳಿಕೊಟ್ಟಾರ?"

"ನೀವೇ ಹೇಳಿದ್ರಲ್ಲ ಅಕ್ಕಾರ. ಫೋನಿನಾಗ. ಅತ್ತೆಮ್ಮ ಸ್ಪೀಕರ್ ಹಚ್ಚಿದ್ರು." ಕೊಂಕಿನಿಂದ ಹೇಳಲಿಲ್ಲ. ಉಪಕಾರ ನೆನೆದ ಹಾಗೆ ಹೇಳಿದಳು. "ಮಷಿನಿನ ಪೈಪ್ ಝಾಡಿಸಿದ್ದೂ ನಾನ. ಅವರಿಗಿ ಅದೆಲ್ಲ ತಿಳಿಯಂಗಿಲ್ಲ."

ನೀರು ಕುಡಿದೆ. ಲೋಟ ನನ್ನದೇ, ಅಂಚು ನೆಗ್ಗಿದ್ದು.

ಚಹಾ ಇಡುತ್ತೇನೆಂದಳು. ಬೇಡವೆಂದೆ. ಏಳುವಾಗ ಅತ್ತೆ ಕೈ ಹಿಡಿದರು. ಸಣ್ಣ ದನಿ.

"ಮಗ ಅವ. ಅವನ್ನ ಬಿಟ್ಟು ನಾ ಎಲ್ಲಿಗಿ ಹೋಗ್ಲಿ, ಹೇಳು."

"ಎಲ್ಲಿಗೂ ಹೋಗಬ್ಯಾಡ್ರಿ ಅತ್ತಿ."

ಅತ್ತೆಯಾದರೂ ನನಗೆ ಮೊದಲೇ ಹೇಳಬಹುದಿತ್ತು. ಯಾಕೆ ಹೇಳಲಿಲ್ಲವೆಂದು ಕೇಳಲಿಲ್ಲ. ಆ ಕೈ ಬಿಡಿಸಿಕೊಳ್ಳುವುದೇ ಕಷ್ಟವಾಯಿತು. ಬಾಳೆಹಣ್ಣು ಅಲ್ಲೇ ಇಟ್ಟು ಬಂದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಬಿಸಿ ಗಾಳಿ. ಅಳು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ.

ಮೇ 6

ವಿಷಯ ತಮ್ಮ ನೀಲಕಂಠನಿಗೆ ಗೊತ್ತಾಗಿದೆ. ಬೆಳಿಗ್ಗೆಯಿಂದ ಅವನ ಮೈಮೇಲೆ ದೇವರು ಬಂದ ಹಾಗಿದೆ.

"ನಮ್ಮಪ್ಪ ಕೊಟ್ಟ ಸಾಮಾನಿನಾಗ ಅಕಿ ಸಂಸಾರ ಮಾಡ್ತಾಳಾ? ಟೆಂಪೊ ತಗೊಂಡು ಹೋಗಿ ಎಲ್ಲಾ ತರ್ತೀನಿ."

ವಿಜಯಶ್ರೀ ಒಲೆಯ ಮುಂದಿನಿಂದಲೇ, "ತಂದು ಎಲ್ಲಿ ಇಡ್ತೀರಿ? ನಮ್ಮ ಮನ್ಯಾಗ ಎಲ್ಲಾ ಅದಾವ" ಎಂದಳು. ತಪ್ಪೇನಿಲ್ಲ. ಈ ಮನೆಯಲ್ಲಿ ನನ್ನ ಹಾಸಿಗೆಗೇ ಜಾಗ ಮಾಡಬೇಕಾಗಿದೆ.

"ಬ್ಯಾಡ ಬಿಡು" ಎಂದೆ. "ಅತ್ತಿ ಸಕ್ಕರಿ ಇಂಜೆಕ್ಷನ್ ಅದರಾಗ ಇಡ್ತಾರ."

"ಅವರು ಹೊಸಾದು ತರ್ಲಿ."

"ಬ್ಯಾಡ ಅಂದೆನಲ್ಲ."

ಅವನು ಟೆಂಪೊದ ಕೀಲಿಕೈ ಮೇಜಿಗೆ ಎಸೆದ. "ಆ ಮನ್ಯಾಗ ನಿಂದು ಇನ್ನೇನು ಉಳದದ ಅಂತ ಅಕ್ಕಾ?"

"ಫ್ರಿಜ್ಜು."

ಬಾಯಿ ತಪ್ಪಿ ಬಂತು. ಯಾರೂ ನಗಲಿಲ್ಲ. ನೀಲಕಂಠ ಎದ್ದು ಹೊರಗೆ ಹೋದ. ಅವನು ಅಳುವುದನ್ನು ಅಪ್ಪ ಹೋದಾಗ ನೋಡಿದ್ದೆ, ಆಮೇಲೆ ಇವತ್ತೇ.

ಜೂನ್ 3, ಬೆಳಿಗ್ಗೆ

ಇವತ್ತು ಕಲಬುರಗಿಯಲ್ಲಿ ವಕೀಲರ ಹತ್ತಿರ. ಎರಡೂ ಕಡೆಯ ಹಿರಿಯರು ಕೂತು ತೀರ್ಮಾನಿಸಿದ್ದಾರೆ. ಇನ್ನು ಬೇರೆ ಇರುತ್ತೇವೆ ಎಂದು ಬರೆದುಕೊಡುವುದು. ವಿಚ್ಛೇದನಕ್ಕೆ ಕೋರ್ಟು ಮುಂದಿನ ವರ್ಷ. ಅವರೂ ಬರುತ್ತಾರೆ.

ನಸುಕಿನಿಂದ ಒಂದೇ ಮಾತು ಬಾಯಿಪಾಠ ಮಾಡುತ್ತಿದ್ದೇನೆ. ನಾ ಸಹಿ ಮಾಡಂಗಿಲ್ಲ. ಒಲೆ ಮುಂದೆ ಹೇಳಿಕೊಂಡೆ, ಬಚ್ಚಲಿನಲ್ಲಿ ಹೇಳಿಕೊಂಡೆ. ಅಲ್ಲಿ ಈ ಮಾತು ಬಾಯಿಗೆ ಬರುವುದಿಲ್ಲ, ನನಗೆ ನನ್ನ ಬಗ್ಗೆ ಗೊತ್ತಿದೆ. ಅವರು ಎದುರು ಕೂತರೆ ಊಟ ಆಯಿತೇ ಎಂದು ಕೇಳಿಬಿಡುತ್ತೇನೆ.

ವಿಜಯಶ್ರೀ ತನ್ನ ಹೊಸ ಸೀರೆ ಕೊಟ್ಟಳು. ಉಟ್ಟಿದ್ದೇನೆ. ನೀಲಕಂಠ ಟೆಂಪೊ ಚಾಲೂ ಮಾಡಿ ಹಾರ್ನ್ ಹೊಡೆಯುತ್ತಿದ್ದಾನೆ.

ಪೆನ್ನು ತನ್ನಿ ಎಂದಿದ್ದಾರಂತೆ ವಕೀಲರು. ಮನೆಯಲ್ಲಿ ಸರಿಯಾಗಿ ಬರೆಯುವ ಪೆನ್ನು ನನ್ನ ಕೈಯಲ್ಲಿರುವ ಇದೊಂದೇ. ವಿಜಯಶ್ರೀ ಬಾಗಿಲಲ್ಲಿ ನಿಂತು ಅದಕ್ಕೇ ಕೈ ಚಾಚಿದ್ದಾಳೆ. ತಡಿ, ಇನ್ನೊಂದೇ ಸಾಲು ಬರೆದು ಕೊಡ್ತೀ...