ಸಂದಿಮನೆಯಲ್ಲಿ ಯಾರೋ ಇದ್ದಾರೆ

ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ನಿನಗೂ ನಿನ್ನ ಹೊಟ್ಟೆಯಲ್ಲಿರುವ ಪುಟಾಣಿಗೂ ಅಮ್ಮನ ಮುತ್ತು. ಅಳಿಯಂದಿರನ್ನು ಕೇಳಿದೆನೆಂದು ಹೇಳು.

ನಿನ್ನ ಕಾಗದ ಬಂದು ವಾರಗಳೇ ಆದವು. ಹೆರಿಗೆ ಹತ್ತಿರ ಬಂತು, ಈಗಲಾದರೂ ಬಂದು ನನ್ನ ಜೊತೆಗಿರು ಎಂದು ನೀನು ಬರೆದಿದ್ದೆ. ನಾನು ಮಂಡಿನೋವು ಎಂದು ಒಮ್ಮೆ, ರಜೆ ಸಿಗಲಿಲ್ಲ ಎಂದು ಇನ್ನೊಮ್ಮೆ ಫೋನಿನಲ್ಲಿ ಸಬೂಬು ಹೇಳಿದೆ. ನೀನು ನಂಬಲಿಲ್ಲ, ಅದೂ ಗೊತ್ತಾಯಿತು. ನನ್ನ ಮಂಡಿ ಗಟ್ಟಿಮುಟ್ಟಾಗಿದೆ. ರಜೆ ಕೇಳಿದ್ದರೆ ಕೊಡುತ್ತಿದ್ದರು, ನಾನು ಕೇಳಲಿಲ್ಲ ಅಷ್ಟೆ. ಫೋನಿನಲ್ಲಿ ಹೇಳಲು ಬಾಯಿ ಬರದ ಮಾತೊಂದಿದೆ, ಅದಕ್ಕೇ ಈ ಕಾಗದ. ಅಳಿಯಂದಿರ ಎದುರು ಓದಬೇಡ. ಅತ್ತೆಗೆ ಅರಳುಮರಳು ಅಂದುಕೊಂಡಾರು.

ಸಂದಿಮನೆಯ ವಿಷಯ. ನೀನು ಆಡಿ ಬೆಳೆದ ಮನೆಯ ಚರಿತ್ರೆಯನ್ನು ನಿನಗೇ ಹೇಳುವುದು ನಗೆಪಾಟಲು. ಆದರೆ ಇಷ್ಟು ವರ್ಷ ಆ ಮನೆಯ ಬೀಗದ ಕೈ ಇಟ್ಟುಕೊಂಡು, ನೋಡಲು ಬರುವ ಪ್ರವಾಸಿಗರಿಗೆ ಅದನ್ನೇ ಹೇಳಿ ಹೇಳಿ, ಅಲ್ಲಿಂದ ಶುರು ಮಾಡದೆ ನನಗೆ ಮಾತು ಹೊರಡುವುದಿಲ್ಲ. ಅಣ್ಣ ತಮ್ಮ ಪಾಲಾದಾಗ ತಮ್ಮನಿಗೆ ಸಿಕ್ಕಿದ್ದು ಅಣ್ಣನ ಮನೆಗೂ ಪಕ್ಕದ ಉಗ್ರಾಣಕ್ಕೂ ನಡುವಿನ ಸಂದಿ. ಇದೂ ನಿನ್ನದೇ ಇಟ್ಟುಕೋ ಎಂದು ಅಣ್ಣ ನಕ್ಕನಂತೆ. ತಮ್ಮ ಹಠಕ್ಕೆ ಬಿದ್ದು ಆ ಸಂದಿಯಲ್ಲೇ ಮೂರು ಅಂತಸ್ತು ಎಬ್ಬಿಸಿ ಅಣ್ಣನ ಕಿಟಕಿಗಳನ್ನೆಲ್ಲ ಮುಚ್ಚಿಹಾಕಿದ. ಅಣ್ಣನಿಗೆ ಬೆಳಕು ಹೋಯಿತು, ತಮ್ಮನಿಗೆ ಮೈ ಮುರಿಯಲು ಜಾಗವಿಲ್ಲದೆ ಹೋಯಿತು. ಮಂಚ ಒಳಗೆ ಹಿಡಿಸದೆ ಬಡಗಿಯನ್ನು ಕರೆಸಿ ಒಳಗೇ ಮಾಡಿಸಿದರು. ಗಂಡ ಹೆಂಡತಿ ಜಗಳವಾಡಿದರೆ ಮುಖ ತಿರುಗಿಸಿಕೊಂಡು ಹೋಗಲೂ ಆಗುತ್ತಿರಲಿಲ್ಲ ಎಂದಾಗ ಜನ ಈಗಲೂ ಬಿದ್ದು ಬಿದ್ದು ನಗುತ್ತಾರೆ.

ಅಲ್ಲಿ ಇಬ್ಬರು ಎದುರುಬದುರಾದರೆ ಒಬ್ಬರು ಹಿಂದಕ್ಕೆ ನಡೆಯಬೇಕು. ಹಾಗಾಗಿ ಆ ಮನೆಯವರು ಮಾಡಿಕೊಂಡ ಪದ್ಧತಿಯನ್ನು ನಾವೂ ಬಿಟ್ಟಿಲ್ಲ. ಹೊಸ್ತಿಲಲ್ಲಿ ನಿಂತು "ಬರಲಾ?" ಎಂದು ಕೂಗಬೇಕು. ಒಳಗಿದ್ದವರು "ಇದೀನಿ, ತಾಳಿ" ಎನ್ನಬೇಕು. ಉತ್ತರ ಬಾರದಿದ್ದರೆ ಮಾತ್ರ ಕಾಲಿಡಬೇಕು. ನೀನೋ, ಶಾಲೆ ಬಿಟ್ಟು ಬಂದವಳೇ ನಡುವಿನ ಮೆಟ್ಟಿಲ ಮೇಲೆ ಕೂತು, ಯಾರು ಕೂಗಿದರೂ "ಇದೀನಿ, ತಾಳಿ" ಎಂದು ಬಂದವರನ್ನೆಲ್ಲ ಬಿಸಿಲಲ್ಲಿ ಒಣಗಿಸುತ್ತಿದ್ದೆ. ಬೈದು ಬೈದು ನನಗೆ ಸಾಕಾಗಿ ಹೋಗುತ್ತಿತ್ತು.

ನೀನು ಬಸುರಿ ಎಂದು ಫೋನು ಮಾಡಿದೆಯಲ್ಲ, ಅದಾಗಿ ಸ್ವಲ್ಪ ದಿನಕ್ಕೆ, ಬೆಳಗ್ಗೆ ಬೀಗ ತೆಗೆದು ರೂಢಿಯಂತೆ ಕೂಗಿದೆ. ಒಳಗಿಂದ "ಇದೀನಿ, ತಾಳಿ" ಎಂದಿತು. ನಿನ್ನದೇ ದನಿ, ಗುಬ್ಬಿ. ಈಗಿನದಲ್ಲ. ಮುಂದಿನ ಹಲ್ಲು ಬಿದ್ದಾಗ ಮಾತಿನ ನಡುವೆ ಗಾಳಿ ಬರುತ್ತಿತ್ತಲ್ಲ, ಆ ದನಿ. ಕಿರುಚಿಕೊಂಡು ಓಡಬೇಕಾದವಳು ನಾನು, ಹಾಗೇ ನಿಂತು ಕಾದೆ. ಒಳಗೆ ಯಾರೋ ಇದ್ದಾರೆಂದರೆ ನನ್ನ ಕಾಲು ಹೊಸ್ತಿಲು ದಾಟುವುದೇ ಇಲ್ಲ, ಅಷ್ಟು ರೂಢಿ. ಯಾರೂ ಹೊರಗೆ ಬರಲಿಲ್ಲ.

ವಯಸ್ಸಾಯಿತು, ಕಿವಿ ಏನೇನೋ ಕೇಳಿಸಿಕೊಳ್ಳುತ್ತದೆ ಎಂದು ಸುಮ್ಮನಾಗಬಹುದಿತ್ತು. ಆದರೆ ಒಂದು ದಿನ ಸಾಲಿನಲ್ಲಿ ನಿಂತಿದ್ದ ಹೆಂಗಸೊಬ್ಬರು ತಾವೇ ಕೂಗಿ, ಹಿಂದೆ ಸರಿದು, ಒಳಗೆ ಮಗು ಇದೆ, ಬರಲಿ ಬಿಡಿ ಎಂದರು. ನಿಮ್ಮ ಮೊಮ್ಮಗಳಾ ಎಂದು ಕೇಳಿದರು. ಮಗಳು ಎಂದೆ. ನನಗೆ ಗೊತ್ತಿಲ್ಲದಂತೆ ಬಾಯಿಂದ ಬಂದುಬಿಟ್ಟಿತು.

ಆಮೇಲೆ ಹಿಂಬಾಗಿಲ ಚಿಲಕ ಸರಿ ಮಾಡಲು ಬಡಗಿ ಬಂದ. ಅವನಿಗೆ ವಿಷಯ ಹೇಳಿದೆ. ಬೆಕ್ಕೋ ಗಿಕ್ಕೋ ಇರಬೇಕು ಎಂದು ನಕ್ಕ. ಅವನು ಹಿಂದಿನಿಂದ, ನಾನು ಮುಂದಿನಿಂದ ಹೊರಟು, ಒಂದೊಂದು ಕೋಣೆಯನ್ನೂ ನೋಡುತ್ತಾ ನಡುವಿನ ಮೆಟ್ಟಿಲಲ್ಲಿ ಎದುರಾದೆವು. ಯಾರೂ ಇರಲಿಲ್ಲ. ಅವನು ತಮಾಷೆಗೆ, "ಅಕ್ಕಾ, ಈಗ ಹಿಂದಕ್ಕೆ ಹೋಗೋರು ಯಾರು?" ಎಂದ.

"ನಾನು ಹೋಗ್ತೀನಿ ಬಿಡಿ" ಎಂದಿತು, ಅವನ ಬೆನ್ನ ಹಿಂದಿನಿಂದಲೇ. ಪುಟ್ಟ ಹೆಜ್ಜೆಗಳು ಒಂದೊಂದೇ ಮೆಟ್ಟಿಲು ಇಳಿದು ಹೋದವು. ಬಡಗಿ ತಿರುಗಿ ನೋಡಲೂ ಆಗದೆ ನನ್ನ ಮುಖವನ್ನೇ ನೋಡುತ್ತಾ ನಿಂತ. ನಾನೇ ಹಿಂದಕ್ಕೆ ನಡೆಯುತ್ತಾ ಅವನನ್ನು ಮುಂಬಾಗಿಲಿಂದ ಹೊರಗೆ ಕರೆತಂದೆ. ಅವನು ಮತ್ತೆ ಈ ಬೀದಿಗೆ ತಲೆ ಹಾಕಿಲ್ಲ. ಉಳಿ, ಸುತ್ತಿಗೆ ಎಲ್ಲ ಹಿಂಬಾಗಿಲ ಹತ್ತಿರವೇ ಬಿದ್ದಿವೆ.

ನನಗೋ, ಅಂದಿನಿಂದ ಹೆದರಿಕೆ ಹೋಗಿ ಆಸೆ ಹತ್ತಿತು. ಇದೇ ನೋಡು ನಾನು ಮುಚ್ಚಿಟ್ಟ ಮಾತು. ಪ್ರವಾಸಿಗರು ಇಲ್ಲದಾಗಲೂ ಹೋಗಿ ಕೂಗುತ್ತೇನೆ. ಹಸಿವಾಯಿತಾ ಎಂದು ಕೇಳುತ್ತೇನೆ, ಇಲ್ಲ ಎನ್ನುತ್ತದೆ. ಇವತ್ತು ಟೀಚರ್ ಏನು ಹೇಳಿಕೊಟ್ಟರು ಎಂದರೆ ಪಟಪಟನೆ ಮಗ್ಗಿ ಒಪ್ಪಿಸುತ್ತದೆ. ನೀನು ಫೋನು ಮಾಡಿದರೆ ಆಫೀಸು, ಡಾಕ್ಟರು, ಆಮೇಲೆ ಮಾಡ್ತೀನಮ್ಮ. ಅದಕ್ಕೆ ಯಾವ ಅವಸರವೂ ಇಲ್ಲ. ನೊಂದುಕೊಳ್ಳಬೇಡ ಚಿನ್ನ, ಬೆಳೆದ ಮಕ್ಕಳಿಗೆ ನೂರು ಕೆಲಸ. ಆದರೂ ಹೊಸ್ತಿಲಲ್ಲಿ ನಿಂತು ಆ ದನಿ ಕೇಳಿದಾಗ ನನ್ನ ಎದೆ ತುಂಬಿ ಬರುತ್ತಿತ್ತು.

ಬಂದವರನ್ನು ಒಳಗೇ ಬಿಡುವುದಿಲ್ಲ, ಬಾಗಿಲಲ್ಲಿ ನಿಂತು ಒಬ್ಬಳೇ ಮಾತಾಡುತ್ತಾಳೆ ಎಂದು ಆಫೀಸಿಗೆ ದೂರು ಹೋಯಿತು. ಮೇಲ್ವಿಚಾರಕರು ಒಳ್ಳೆಯವರು. ಮಗಳ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬನ್ನಿ ಎಂದು ತಾವೇ ರಜೆ ಬರೆದುಕೊಟ್ಟರು. ಅಂದು ಹೋಗಿ ಬಾಗಿಲಲ್ಲಿ ಹೇಳಿದೆ, ನಾನು ಊರಿಗೆ ಹೋಗುತ್ತಿದ್ದೇನೆ ಎಂದು. ಉತ್ತರ ಬರಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಒಳಗೆ ಹೋಗಿ ಆ ಮೆಟ್ಟಿಲ ಮೇಲೆ ಕೂತು ಅತ್ತೆ. ಆಮೇಲೆ ಯಾವುದೋ ಜ್ವರ ಬಿಟ್ಟ ಹಾಗೆ ಮೈ ಹಗುರಾಯಿತು.

ಬಟ್ಟೆ ಜೋಡಿಸಿದ್ದೇನೆ. ಸೋಮವಾರದ ರೈಲಿಗೆ ಹೊರಡುತ್ತೇನೆ. ಮಗು ಹುಟ್ಟುವಾಗ ನಾನು ನಿನ್ನ ಕೈ ಹಿಡಿದುಕೊಂಡಿರುತ್ತೇನೆ, ಇದು ನಿಜವಾದ ಮಾತು. ಅಳಿಯಂದಿರನ್ನು ಕಳಿಸಬೇಡ, ಹುಷಾರಾಗಿದ್ದರೆ ನೀನೇ ನಿಲ್ದಾಣಕ್ಕೆ ಬಾ. ನಿನ್ನನ್ನು ಹೊಟ್ಟೆ ಸಮೇತ ನೋಡುವ ಆಸೆ.

ನಿನ್ನ ದಾರಿ ಕಾಯುವ,
ಅಮ್ಮ

ಶುಕ್ರವಾರ, ರಾತ್ರಿ: ಸಂಜೆ ಬೀಗದ ಕೈ ಒಪ್ಪಿಸುವ ಮೊದಲು, ಹೋಗಿ ಬರುತ್ತೇನೆ ಎಂದು ಹೇಳೋಣವೆಂದು ಕಡೆಯ ಸಲ ಕೂಗಿದೆ. ಈ ಕಾಗದ ಕೈಯಲ್ಲೇ ಇತ್ತು. ಬಾಗಿಲಿಗೆ ತೀರಾ ಹತ್ತಿರದಿಂದ ದನಿ ಬಂತು. ಯಾರಿಗೆ ಬರೆದದ್ದು ಎಂದು ಕೇಳಿತು. ನನ್ನ ಮಗಳಿಗೆ ಎಂದೆ. "ಮಗಳು ನಾನಲ್ವಾ ಅಮ್ಮಾ?" ಎಂದಿತು. ಅಳುವ ದನಿ, ಗುಬ್ಬಿ. ನಾನು ಹೌದು ಎಂದುಬಿಟ್ಟೆ. ಸೋಮವಾರ ನಿಲ್ದಾಣಕ್ಕೆ ಬರಬೇಡ.