ಗೋಲ್‌ಕೀಪರನ್ನು ಹೊರಗೆ ಕರೆದ ತಪ್ಪಿಗೆ

ಮಾನ್ಯ ಕ್ರೀಡಾಧಿಕಾರಿಗಳೇ,

ನಮ್ಮ ಬಡಾವಣೆಯ ಮಕ್ಕಳ ಫುಟ್‌ಬಾಲ್ ತರಬೇತುದಾರರನ್ನು ‘ಹೋರಾಟದ ಮನೋಭಾವದ ಕೊರತೆ’ ಎಂಬ ಕಾರಣ ಕೊಟ್ಟು ತಾವು ತೆಗೆದುಹಾಕಿದ್ದೀರಿ. ಆ ಕೊರತೆ ತಮಗೆ ಕಂಡದ್ದು ಫೈನಲ್ ಪಂದ್ಯದಲ್ಲಿ, ನನ್ನ ಮಗಳ ತಲೆಯ ವಿಷಯದಲ್ಲಿ. ಹಾಗಾಗಿ ನಡುವೆ ಬಾಯಿ ಹಾಕುವ ಹಕ್ಕು ನನಗೂ ಒಂಚೂರು ಇದೆ ಅಂದುಕೊಂಡಿದ್ದೇನೆ.

ಮಕ್ಕಳು ಅವರನ್ನು ಕರೆಯುವುದು ‘ಸೀಟಿ ಮೇಡಂ’ ಎಂದು. ಹಗಲು ಕನ್ನಡಕದ ಅಂಗಡಿ, ಸಂಜೆ ಮೈದಾನ. ಆಟಕ್ಕೆ ಮೊದಲು ಮಕ್ಕಳೆಲ್ಲ ಸಾಲಾಗಿ ನಡೆದು ಗಾಜಿನ ಚೂರು ಹೆಕ್ಕಬೇಕು, ಗೋಲ್‌ಕಂಬ ಗಟ್ಟಿಯಾಗಿದೆಯೇ ಎಂದು ಅಲ್ಲಾಡಿಸಿ ನೋಡಬೇಕು. ಯಾರಿಗೆ ಭಯವಾದರೂ ಕೈಯೆತ್ತಿ ಆಟ ನಿಲ್ಲಿಸಬಹುದು. ನಿಲ್ಲಿಸಿದವರನ್ನು ಉಳಿದವರು ಆಡಿಕೊಳ್ಳುವಂತಿಲ್ಲ. “ಇವರು ಆಟ ಕಲಿಸ್ತಾರೋ, ಕಸ ಗುಡಿಸೋದು ಕಲಿಸ್ತಾರೋ?” ಎಂದು ನಕ್ಕ ಪೋಷಕರೂ ಇದ್ದರು.

ಫೈನಲ್‌ನಲ್ಲಿ ಗೋಲ್‌ಕೀಪರ್ ಆಗಿದ್ದ ನನ್ನ ಮಗಳು ಚೆಂಡಿಗೆ ಹಾರಿ ಕಂಬಕ್ಕೆ ತಲೆ ಬಡಿಸಿಕೊಂಡಳು. ಮೈ ಕೊಡವಿ ಎದ್ದೂ ನಿಂತಳು. ಮೇಡಂ ಓಡಿಬಂದರು.

“ಇವತ್ತು ಯಾರ ಮೇಲೆ ಆಡ್ತಿದೀವಿ, ಪುಟ್ಟಿ?”

“ಹಸಿರು ಜೆರ್ಸಿಯವ್ರ ಮೇಲೆ.”

ಹಸಿರು ಜೆರ್ಸಿಯವರು ಸೆಮಿಫೈನಲ್‌ನಲ್ಲೇ ಸೋತು ಮನೆ ಸೇರಿದ್ದರು. ಎದುರಿಗಿದ್ದದ್ದು ಕೆಂಪು ಜೆರ್ಸಿ.

“ಬಾ, ಹೊರಗೆ ಕೂತ್ಕೋ.”

“ಬೇಡ ಮೇಡಂ, ಸೋತುಹೋಗ್ತೀವಿ!”

“ಸೋಲೋಣ ಬಿಡು. ಮುಂದಿನ ವರ್ಷಾನೂ ಆಟ ಇರತ್ತೆ.”

ಸೋತೆವು. ಕಪ್ ಕೊಡಲು ಬಂದಿದ್ದ ತಾವು ಮೈಕ್ ಹಿಡಿದು, “ಇಷ್ಟಕ್ಕೆಲ್ಲ ಹೆದರಿದರೆ ಚಾಂಪಿಯನ್ ಆಗೋದು ಯಾವಾಗ?” ಎಂದಿರಿ. ಆಗ ಆ ಭಾವಿ ಚಾಂಪಿಯನ್ ನನ್ನ ಅಂಗಿಯ ಮೇಲೆ ವಾಂತಿ ಮಾಡಿಕೊಳ್ಳುತ್ತಿದ್ದಳು. ಆಸ್ಪತ್ರೆಯಲ್ಲಿ ವೈದ್ಯರು ಮಿದುಳಿಗೆ ಪೆಟ್ಟಾಗಿದೆ ಎಂದರು. “ತಕ್ಷಣ ಹೊರಗೆ ಕರೆದದ್ದು ಒಳ್ಳೇದಾಯ್ತು. ಇನ್ನೊಂದು ಏಟು ಬಿದ್ದಿದ್ರೆ ಕಷ್ಟ ಇತ್ತು.” ನಾನು ಬಸ್ ಚಾಲಕ, ಸ್ವಾಮಿ. ಬ್ರೇಕ್ ಹಾಕಿದ ತಪ್ಪಿಗೆ ಚಾಲಕನನ್ನು ಮನೆಗೆ ಕಳಿಸುವ ಇಲಾಖೆಯನ್ನು ಇದೇ ಮೊದಲು ನೋಡುತ್ತಿರುವುದು.

ತಾವು ಕಳಿಸಿದ ಹೊಸ ತರಬೇತುದಾರರ ಟೀ ಶರ್ಟಿನ ಮೇಲೆ ‘ನೋವು ಇರುವುದು ಮನಸ್ಸಿನಲ್ಲಿ’ ಎಂದು ಬರೆದಿತ್ತು. “ಅಪ್ಪಾ, ನಂದು ತಲೇಲಿತ್ತಲ್ವಾ?” ಎಂದಳು ಮಗಳು. ಇನ್ನೂ ಆಡುವಂತಿಲ್ಲದ ಅವಳು ನನ್ನ ಪಕ್ಕ ಕೂತು ನೋಡುತ್ತಿದ್ದಳು. ಮೊದಲ ದಿನವೇ ಗೋಲ್‌ಕಂಬ ಅಲುಗಾಡುತ್ತಿದೆ ಎಂದು ಒಬ್ಬ ಹುಡುಗಿ ಕೈಯೆತ್ತಿದಳು. “ನಾಟಕ ಸಾಕು, ಆಡು!” ಎಂದು ಅವರು ಗದರಿದರು. ತಂಡಕ್ಕೆ ತಂಡವೇ ಹುಲ್ಲಿನ ಮೇಲೆ ಕೂತುಬಿಟ್ಟಿತು. ಸಿಟ್ಟಿನಿಂದ ಹೋಗಿ ಅವರೇ ಕಂಬ ಜಗ್ಗಿದರೆ, ಅದು ಸೀದಾ ಅವರ ಮೇಲೇ ವಾಲಬೇಕೆ? ಪುಣ್ಯಕ್ಕೆ ಪಕ್ಕಕ್ಕೆ ಹಾರಿದರು. ಮೈಮೇಲಿನ ಧೂಳನ್ನೂ ಒರೆಸಿಕೊಳ್ಳದೆ, “ಇದನ್ನೆಲ್ಲ ನಿಮಗೆ ಹೇಳ್ಕೊಟ್ಟಿದ್ದು ಯಾರು? ನಂಗೂ ಅವರನ್ನ ಪರಿಚಯ ಮಾಡಿಸ್ರಪ್ಪ” ಎಂದರು. ಒಳ್ಳೆಯ ಮನುಷ್ಯ. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಹೇಳಿಕೊಡಬೇಕಾದವರು ಯಾರು ಎಂದು ತಮ್ಮನ್ನೇ ಕೇಳಬಹುದೇ?

ಆದ್ದರಿಂದ ಸೀಟಿ ಮೇಡಂ ಅವರನ್ನು ಗೌರವದಿಂದ ವಾಪಸ್ ಕರೆಸಿ. ತಮ್ಮ ಕೈಕೆಳಗಿನ ಎಲ್ಲ ತರಬೇತುದಾರರನ್ನೂ ಒಂದಷ್ಟು ದಿನ ಅವರ ಬಳಿ ಕಲಿಯಲು ಕಳಿಸಿ. ಪುರುಸೊತ್ತಾದರೆ ತಾವೂ ಬನ್ನಿ, ಮೈಕ್ ಬೇಕಾಗುವುದಿಲ್ಲ.

ಇಂತಿ,
ಮನೆಯಲ್ಲಿ ಕಪ್ ಇಲ್ಲದ, ಮಗಳಿರುವ
ಒಬ್ಬ ಅಪ್ಪ