ನೀವು ಸೊನ್ನೆ ಕೊಟ್ಟ ಉತ್ತರ, ನೀವೇ ಓದಿದ ಪ್ರಬಂಧ

ಕನ್ನಡ ಉತ್ತರಪತ್ರಿಕೆಗಳ ಮುಖ್ಯ ಮೌಲ್ಯಮಾಪಕರಾದ ಮಾನ್ಯರೇ,

ನನ್ನ ಉತ್ತರಕ್ಕೆ ಸೊನ್ನೆ ಕೊಟ್ಟಿರಿ. ಎರಡು ವರ್ಷದ ನಂತರ ಅದನ್ನೇ ನಿಮ್ಮ ಪ್ರಬಂಧವೆಂದು ಓದಲು ಬಂದಿರಿ. ಇದನ್ನು ವಿದ್ವತ್ತು ಎನ್ನಬೇಕೋ, ಕಳವು ಎನ್ನಬೇಕೋ, ತಾವೇ ಅಂಕ ಹಾಕಿ ತಿಳಿಸಿ.

೨೦೦೬ರಲ್ಲಿ ನಾನು ಚಾಮರಾಜನಗರದಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಇಬ್ಬರು ಕತೆಗಾರರು ಚಪ್ಪಲಿಯನ್ನು ಸಂಕೇತವಾಗಿ ಬಳಸಿರುವ ಬಗೆಯನ್ನು ಹೋಲಿಸಿ ಎಂಬುದು ಪ್ರಶ್ನೆ. ಒಬ್ಬರ ಕತೆಯಲ್ಲಿ ಸಾಹುಕಾರನೊಬ್ಬ ಹೊಳೆದಂಡೆಯಲ್ಲಿ ಚಪ್ಪಲಿ ಬಿಟ್ಟು ಸಂನ್ಯಾಸಕ್ಕೆ ನಡೆಯುತ್ತಾನೆ. ಇನ್ನೊಬ್ಬರ ಕತೆಯಲ್ಲಿ ಕೂಲಿ ಹೆಂಗಸೊಬ್ಬಳು ಮೇಲ್ಜಾತಿಯವರ ದೊಡ್ಡ ಬೀದಿ ದಾಟುವವರೆಗೂ ಚಪ್ಪಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಾಳೆ. ಗೈಡಿನ ಪ್ರಕಾರ ಎರಡೂ ತ್ಯಾಗದ ಸಂಕೇತ! ಪರೀಕ್ಷೆಗೆ ಮುಂಚೆ ಉಮ್ಮತ್ತೂರಿನ ನಮ್ಮ ಮನೆಯಲ್ಲಿ ಈ ಕತೆಗಳನ್ನು ಅಜ್ಜಿ ಮಲ್ಲಿಗಮ್ಮನಿಗೆ ಓದಿ ಹೇಳಿದ್ದೆ. ಚಿಕ್ಕಂದಿನಲ್ಲಿ ತಾನೂ ಹಾಗೆಯೇ ನಡೆದವಳು ಅವಳು.

"ಅವ್ನು ಮೆಟ್ಟಿದ್ದ, ಬುಟ್ಟ. ಇವ್ಳು ಮೆಟ್ಟೇ ಇಲ್ವಲ್ಲ ಕಣಮ್ಮಿ, ಏನ ಬುಟ್ಟಾಳು?" ಎಂದಳು.

ಆ ಮಾತನ್ನೂ ಸೇರಿಸಿ ಬರೆದೆ: ಮೊದಲನೆಯವರಲ್ಲಿ ಚಪ್ಪಲಿ ಬಿಡುವ ಸ್ವಾತಂತ್ರ್ಯ, ಎರಡನೆಯವರಲ್ಲಿ ಮೆಟ್ಟುವ ಆಸೆ. ನೀವು ಕೆಂಪು ಶಾಯಿಯಲ್ಲಿ 'ಅಜ್ಜಿಕತೆ ಬೇಡ' ಎಂದು ಬರೆದು ಸಹಿ ಹಾಕಿದಿರಿ. ಆ ಸೊನ್ನೆಯಿಂದ ಫೇಲಾದೆ, ಬಿ.ಎಡ್. ಸೀಟು ಹೋಯಿತು. ಉತ್ತರಪತ್ರಿಕೆಯ ನಕಲು ತರಿಸಿಕೊಂಡು ಜೋಪಾನವಾಗಿ ಇಟ್ಟುಕೊಂಡೆ.

ಈಗ ಗುಂಡ್ಲುಪೇಟೆಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ಕಳೆದ ತಿಂಗಳು ಇಲ್ಲಿನ ವಿಚಾರಸಂಕಿರಣದವರು ನಿಮ್ಮ ಪ್ರಬಂಧವನ್ನು ನಲವತ್ತು ಪ್ರತಿ ಮಾಡಿಸಲು ತಂದುಕೊಟ್ಟರು. ಮೂರನೇ ಪುಟದಲ್ಲಿ ನನ್ನ ಅಜ್ಜಿಯಿದ್ದಳು, 'ಒಬ್ಬ ಗ್ರಾಮೀಣ ಮಹಿಳೆ' ಎಂಬ ಹೆಸರಿನಲ್ಲಿ. ಉತ್ತರಪತ್ರಿಕೆಯ ನಕಲು ತಂದು ಪಕ್ಕದಲ್ಲಿಟ್ಟು ನೋಡಿದೆ, ಸಾಲಿಗೆ ಸಾಲು ನನ್ನದೇ. ಎರಡನ್ನೂ ಮಾಲೀಕ ಶಂಭುಲಿಂಗಪ್ಪನವರ ಮುಂದಿಟ್ಟೆ.

"ನಿನ್ ಉತ್ತರಾನೂ ಸೇರ್ಸಿ ಪಿನ್ ಹೊಡ್ದುಬುಡು ಕಣಮ್ಮಿ," ಎಂದರು.

ನಲವತ್ತಕ್ಕೂ ಹೊಡೆದೆ.

ನೀವು ಓದಲು ನಿಂತಾಗ ಸಭೆಯೆಲ್ಲ ಹಾಳೆ ಮಗುಚಿ ಗುಸುಗುಸು ಎಂದದ್ದು ನೆನಪಿದೆಯೇ? "ಯಾರ ಕಿತಾಪತಿ ಇದು?" ಎಂದು ಗದರಿದಿರಿ. ಪ್ರತಿಗಳನ್ನು ತಲುಪಿಸಿ ಬಾಗಿಲಲ್ಲೇ ನಿಂತಿದ್ದ ನಾನು, "ನಂದೇ ಸಾರ್. ಉತ್ತರಾನೂ ನಂದೇ," ಎಂದೆ. ನಿಮ್ಮ ಮುಖ ಕಂಡು ಕನಿಕರ ಬರಬೇಕಿತ್ತು. ಬರಲಿಲ್ಲ. ಹೊಟ್ಟೆ ತಣ್ಣಗಾಯಿತು. ಊಟಕ್ಕೂ ನಿಲ್ಲದೆ ಹೊರಟ ನೀವು ಈಗ ಎಲ್ಲರೆದುರು ಕಾಕತಾಳೀಯ ಎನ್ನುತ್ತಿದ್ದೀರಂತೆ. ನನ್ನ ಕಾಗುಣಿತದ ತಪ್ಪುಗಳೂ ತಮಗೆ ಕಾಕತಾಳೀಯವಾಗಿಯೇ ಹೊಳೆದವೇ?

ಅಂಕ ನೀವೇ ಇಟ್ಟುಕೊಳ್ಳಿ. ಪ್ರಬಂಧ ಅಚ್ಚಾಗುವಾಗ ಅದರಲ್ಲಿ ಮಲ್ಲಿಗಮ್ಮನ ಹೆಸರಿರಬೇಕು. ನೀವು ಉಮ್ಮತ್ತೂರಿಗೆ ಬಂದು ಅವಳ ಕ್ಷಮೆ ಕೇಳಬೇಕು. ಕಾಗದ ಬರೆದು ಜಾರಿಕೊಳ್ಳುವಂತಿಲ್ಲ. ಅವಳಿಗೆ ಓದು ಬಾರದು. ಎದುರು ನಿಂತು ಬಾಯಿಬಿಟ್ಟೇ ಹೇಳಬೇಕಾಗುತ್ತದೆ.

ಇಂತಿ,
ಕನ್ನಡದಲ್ಲಿ ಫೇಲಾದ, ನಿಮ್ಮ ಪ್ರಬಂಧದ ಮೊದಲ ಲೇಖಕಿ
ಬಿಂದುಶ್ರೀ